ಕೌಲಿಂಗ್‌ಗೆ ಬಲ ಕೊಡುವುದು ಹೇಗೆ: ಸ್ವಂತವಾಗಿ ಕಟ್ಟಿದ ವಿಮಾನಕ್ಕೆ ಹಂತ ಹಂತದ ಸಮಗ್ರ ಮಾರ್ಗದರ್ಶಿ

ಕೌಲಿಂಗ್ ಎಂದರೆ ವಿಮಾನದ ಎಂಜಿನ್ ಮುಚ್ಚುವ ಹೊದಿಕೆ. ಅದು ಬಿರುಕು ಬಿಟ್ಟಾಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಒಳಗಿನಿಂದ ಎರಡು ಪದರ ಫೈಬರ್‌ಗ್ಲಾಸ್ ಬಟ್ಟೆ ಅಂಟಿಸಿ, ಹೊರಗೆ ಬಣ್ಣ ಬಳಿದು ಹಾರಲು ಹೊರಡುತ್ತಾರೆ. ಸ್ವಲ್ಪ ಕಾಲದಲ್ಲೇ ತೇಪೆಯ ಪಕ್ಕದಲ್ಲಿ ಹೊಸ ಬಿರುಕು ಏಳುತ್ತದೆ. ಅದರ ಮೇಲೆ ಇನ್ನೊಂದು ತೇಪೆ ಬೀಳುತ್ತದೆ. ಹೀಗೆ ಮೂಗಿನ ತೂಕ ಏರುತ್ತದೆಯೇ ಹೊರತು ಬಿರುಕು ನಿಲ್ಲುವುದಿಲ್ಲ.

ಇದಕ್ಕೆ ಎರಡು ಕಾರಣ. ಕೌಲಿಂಗ್ ಯಾಕೆ ಅಲುಗಾಡುತ್ತಿತ್ತು ಎಂದು ಯಾರೂ ನೋಡಿರುವುದಿಲ್ಲ. ಜೊತೆಗೆ ಗಟ್ಟಿ ತೇಪೆ ಥಟ್ಟನೆ ಮುಗಿದ ಗೆರೆಯಲ್ಲೇ ತೆಳುವಾದ ಹಾಳೆ ಬಾಗುತ್ತದೆ, ಅಲ್ಲೇ ಸೀಳುತ್ತದೆ. ಆದ್ದರಿಂದ ಕಾರಣ, ಜಾಗ, ಸ್ವಚ್ಛತೆ, ಆಕಾರ ಇವಿಷ್ಟೂ ಮುಗಿದ ಮೇಲೆ ಪದರ, ಪದರ ಗಟ್ಟಿಯಾದ ಮೇಲೆ ರಂಧ್ರ, ಎಲ್ಲಕ್ಕಿಂತ ಕೊನೆಗೆ ಶಾಖದ ಹೊದಿಕೆ. ಈ ಕ್ರಮ ತಪ್ಪಿದರೆ ಕೆಲಸ ಎರಡನೇ ಸಲ ಮಾಡಬೇಕಾಗುತ್ತದೆ.

ಇಲ್ಲಿ ಹೇಳಿರುವುದು ಗಾಳಿಯಿಂದ ತಂಪಾಗುವ ಎಂಜಿನ್, ಮೇಲೆ ಕೆಳಗೆ ಎರಡು ಭಾಗದ ಫೈಬರ್‌ಗ್ಲಾಸ್ ಕೌಲಿಂಗ್ ಇರುವ ವಿಮಾನಗಳಿಗೆ. ಕಿಟ್ ತಯಾರಕರ ಕೈಪಿಡಿ ಬೇರೆ ಅಳತೆ ಕೊಟ್ಟಿದ್ದರೆ ಅದನ್ನೇ ಪಾಲಿಸಿ.

## ಹಂತ 1: ಕಾರಣ ಹುಡುಕಿ, ಗುರುತು ಹಾಕಿ

ಇಗ್ನಿಷನ್ ಆಫ್ ಆಗಿದೆ, ಕೀಲಿ ಕೈಯಲ್ಲಿದೆ ಎಂದು ಖಚಿತಪಡಿಸಿಕೊಂಡು ಕೌಲಿಂಗ್ ಬಿಚ್ಚಿ. ಮೇಲಿನ ಭಾಗವನ್ನು ಇಬ್ಬರು ಹಿಡಿಯಬೇಕು. ಒಬ್ಬರೇ ಎತ್ತಿದಾಗ ಮೂಲೆ ಸ್ಪಿನ್ನರ್‌ಗೆ, ಅಂದರೆ ಪ್ರೊಪೆಲ್ಲರ್ ನಡುವಿನ ಶಂಕುವಿನಾಕಾರದ ಮುಚ್ಚಳಕ್ಕೆ, ತಗಲಿ ಸೀಳುವುದು ಸಾಮಾನ್ಯ. ಕೆಳಗಿಟ್ಟಾಗಲೂ ಅಂಚಿನ ಮೇಲೆ ನಿಲ್ಲಿಸಬೇಡಿ, ಹಳೆಯ ಕಂಬಳಿಯ ಮೇಲೆ ಮಲಗಿಸಿ.

ಒಳಮೈ ತೊಳೆದು, ಕತ್ತಲ ಕೋಣೆಯಲ್ಲಿ ಹೊರಗಡೆಯಿಂದ ಬಲವಾದ ದೀಪ ಹಿಡಿಯಿರಿ. ಬಣ್ಣ ತೆಳುವಿದ್ದರೆ, ಪದರ ಬಿಟ್ಟ ಜಾಗ ಮಂಜು ಕವಿದಂತೆ ಕಾಣುತ್ತದೆ. ಆಮೇಲೆ ನಾಣ್ಯದಿಂದ ಪ್ರತಿ 20 ಮಿ.ಮೀ.ಗೆ ಒಮ್ಮೆ ತಟ್ಟುತ್ತಾ ಹೋಗಿ. ಗಟ್ಟಿ ಜಾಗ ಟಣ್ ಎನ್ನುತ್ತದೆ, ಪದರ ಬಿಟ್ಟಲ್ಲಿ ಸದ್ದು ದಬ್ ಎಂದು ಸತ್ತುಹೋಗುತ್ತದೆ. ಸದ್ದು ಬದಲಾದ ಗಡಿಯನ್ನು ಪೆನ್ಸಿಲ್‌ನಿಂದ ಸುತ್ತುಗಟ್ಟಿ.

ಕಂಡ ಗೆರೆಯೆಲ್ಲ ಬಿರುಕಲ್ಲ. ಎಷ್ಟೋ ಸಲ ಸೀಳಿರುವುದು ಬಣ್ಣ ಮಾತ್ರ. ಅನುಮಾನ ಇದ್ದ ಕಡೆ ಬಣ್ಣ ಉಜ್ಜಿ ತೆಗೆದು, ಅಸಿಟೋನ್ ಅದ್ದಿದ ಬಟ್ಟೆಯಿಂದ ಒಮ್ಮೆ ಒರೆಸಿ ನೋಡುತ್ತಿರಿ. ಸುತ್ತಲಿನ ಮೈ ಕ್ಷಣದಲ್ಲಿ ಆರುತ್ತದೆ. ನಿಜವಾದ ಬಿರುಕಿದ್ದರೆ ಒಳಗೆ ಇಳಿದ ಅಸಿಟೋನ್ ತಡವಾಗಿ ಆರುವುದರಿಂದ ಅಲ್ಲಿ ಕೂದಲೆಳೆಯಂಥ ಕಪ್ಪು ಗೆರೆ ಉಳಿಯುತ್ತದೆ. ಅದರ ತುದಿ ಎಲ್ಲಿ ಮುಗಿಯುತ್ತದೋ ಅಲ್ಲಿಗೇ ಗುರುತು ಹಾಕಿ.

ಬಿರುಕು ಇರುವ ಜಾಗವೇ ಕಾರಣ ಹೇಳುತ್ತದೆ.

ಸ್ಕ್ರೂ ರಂಧ್ರದ ಸುತ್ತ ನಕ್ಷತ್ರದಂತೆ ಸೀಳಿದ್ದರೆ ಸ್ಕ್ರೂ ಅತಿಯಾಗಿ ಬಿಗಿದಿದೆ, ಇಲ್ಲವೇ ಕೆಳಗೆ ವಾಷರ್ ಇಲ್ಲ. ರಂಧ್ರ ಮೊಟ್ಟೆಯಾಕಾರಕ್ಕೆ ಹಿಗ್ಗಿದ್ದರೆ ಸ್ಕ್ರೂ ಸಡಿಲವಾಗಿದ್ದು ಕೌಲಿಂಗ್ ಜಾರಾಡುತ್ತಿದೆ.

ಎರಡು ಫಾಸ್ಟನರ್‌ಗಳ (ಕೌಲಿಂಗ್ ಬಿಗಿದು ಹಿಡಿಯುವ ಸ್ಕ್ರೂ, ಬೀಗದಂಥವು) ನಡುವೆ ಅಂಚು ಉಬ್ಬುತ್ತಿದ್ದರೆ ಅದು ಗಾಳಿಯ ಒತ್ತಡ. ಸಮುದ್ರಮಟ್ಟದಲ್ಲಿ 150 ನಾಟ್ ವೇಗಕ್ಕೆ ಎದುರುಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 3,650 ನ್ಯೂಟನ್. ಮೇಲಿನ ಕೌಲಿಂಗ್‌ನ ಅರ್ಧ ಚದರ ಮೀಟರ್ ಜಾಗವನ್ನು ಅದು 185 ಕಿಲೋ ತೂಕದಷ್ಟು ಬಲದಿಂದ ಮೇಲಕ್ಕೆ ನೂಕಬಲ್ಲದು. ಅಷ್ಟೂ ಒತ್ತಡ ಒಳಗೆ ನಿಲ್ಲುವುದಿಲ್ಲ ನಿಜ, ಆದರೆ ಹೊರಮೈಯನ್ನು ಗಾಳಿ ಹೀರುವ ಬಲ ಇದಕ್ಕೆ ಸೇರಿಕೊಳ್ಳುತ್ತದೆ. ಫಾಸ್ಟನರ್‌ಗಳ ಅಂತರ 75ರಿಂದ 100 ಮಿ.ಮೀ. ಒಳಗಿರಬೇಕು ಎನ್ನುವುದು ಇದೇ ಕಾರಣಕ್ಕೆ.

ಗಾಳಿ ಒಳಬರುವ ಬಾಯಿಯ ಮೂಲೆಯಲ್ಲಿ ಬಿರುಕಿದ್ದರೆ, ಮೂಲೆ ಚೂಪಾಗಿದೆಯೇ, ಸಿಲಿಂಡರ್‌ಗಳ ಮೇಲೆ ತಂಪು ಗಾಳಿ ಹರಿಸುವ ಬ್ಯಾಫಲ್‌ನ ತಗಡು ಅಲ್ಲಿಗೆ ತಗಲುತ್ತಿದೆಯೇ ನೋಡಿ. ಕಂದು ಬಣ್ಣಕ್ಕೆ ತಿರುಗಿ ಉಗುರಿಗೆ ಮೆತ್ತಗೆ ಸಿಗುವ ಜಾಗ ಶಾಖದಿಂದ ಸತ್ತಿದೆ. ಅದರ ಮೇಲೆ ಪದರ ಹಾಕುವುದು ವ್ಯರ್ಥ, ಕತ್ತರಿಸಿ ತೆಗೆಯಲೇಬೇಕು. ಹಿಂಭಾಗದ ಕೆಳಗೆ, ಗಾಳಿ ಹೊರಹೋಗುವ ಕಡೆ ಹಿಂಜ್‌ನ (ಉದ್ದ ಪಿನ್ ತೂರಿಸಿ ಅಂಚು ಜೋಡಿಸುವ ಕೀಲಿನ) ಕಣ್ಣುಗಳು ಮುರಿದಿದ್ದರೆ ಎಕ್ಸಾಸ್ಟ್‌ನ, ಅಂದರೆ ಎಂಜಿನ್ ಹೊಗೆಯ, ಬಡಿತ ಆ ತೆಳು ಅಂಚನ್ನು ನಡುಗಿಸುತ್ತಿದೆ ಎಂದರ್ಥ.

## ಹಂತ 2: ಸಾಮಾನು ಮತ್ತು ಪ್ರಮಾಣ

ಬಟ್ಟೆ: ಚದರ ಮೀಟರಿಗೆ ಸುಮಾರು 300 ಗ್ರಾಂ ತೂಗುವ ನೇಯ್ದ ಗ್ಲಾಸ್ ಬಟ್ಟೆ. ಚೂರು ಎಳೆಗಳ ಮ್ಯಾಟ್ ಬೇಡ. ಅದು ರೆಸಿನ್ (ಬಟ್ಟೆಯನ್ನು ನೆನೆಸಿ ಗಟ್ಟಿಯಾಗುವ ಅಂಟು) ಕುಡಿದು ತೂಕ ಏರಿಸುತ್ತದೆ, ಬಲ ಕಡಿಮೆ.

ರೆಸಿನ್: ಕೌಲಿಂಗ್ ಪಾಲಿಯೆಸ್ಟರ್‌ನದ್ದಾದರೂ ಎಪಾಕ್ಸಿಯದ್ದಾದರೂ ದುರಸ್ತಿಗೆ ಎಪಾಕ್ಸಿಯನ್ನೇ ಬಳಸಿ. ಹಳೆಯ ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಚೆನ್ನಾಗಿ ಹಿಡಿಯುತ್ತದೆ. ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಹಿಡಿಯುವುದಿಲ್ಲ. ಹೆಚ್ಚು ಶಾಖ ತಡೆಯುವ ಬಗೆಯನ್ನೇ ಕೊಳ್ಳಿ. ಸಾಮಾನ್ಯ ಎಪಾಕ್ಸಿಗಳಲ್ಲಿ ಹಲವು 60ರಿಂದ 80 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಮೆತ್ತಗಾಗತೊಡಗುತ್ತವೆ. ಎಂಜಿನ್ ನಿಲ್ಲಿಸಿದ ಮೇಲೆ ಗಾಳಿಯಾಡದೆ ಮೇಲಿನ ಕೌಲಿಂಗ್ ಇನ್ನಷ್ಟು ಕಾಯುತ್ತದೆ ಎಂಬುದು ನೆನಪಿರಲಿ.

ಇನ್ನು ಬೇಕಾದವು: 1 ಗ್ರಾಂವರೆಗೆ ತೂಗುವ ತಕ್ಕಡಿ, 80 ಮತ್ತು 120ರ ಉಪ್ಪುಕಾಗದ, ಅಸಿಟೋನ್, ಬಣ್ಣವಿಲ್ಲದ ಹೊಸ ಹತ್ತಿಬಟ್ಟೆ, ಪೀಲ್ ಪ್ಲೈ ಅಂದರೆ ಗಟ್ಟಿಯಾದ ಮೇಲೆ ಸುಲಿದು ತೆಗೆಯುವ ಬಟ್ಟೆ, ದಪ್ಪ ಪ್ಲಾಸ್ಟಿಕ್ ಹಾಳೆ, ಸಣ್ಣ ರೋಲರ್, ಹತ್ತಿಯ ನಾರಿನ ಪುಡಿ ಅಂದರೆ ಫ್ಲಾಕ್ಸ್, 6 ಮಿ.ಮೀ. ದಪ್ಪದ ಪಿವಿಸಿ ಫೋಮ್, ನೈಟ್ರೈಲ್ ಕೈಗವಸು. ಉಜ್ಜುವಾಗ ಸೂಕ್ಷ್ಮ ಧೂಳು ತಡೆಯುವ ಮುಖಗವಸು, ರೆಸಿನ್ ಕೆಲಸಕ್ಕೆ ಆವಿ ಹೀರುವ ಫಿಲ್ಟರ್ ಇರುವ ಮುಖಗವಸು. ಎಪಾಕ್ಸಿ ಬರಿಗೈಗೆ ಮತ್ತೆಮತ್ತೆ ತಾಗಿದರೆ ಚರ್ಮಕ್ಕೆ ಅಲರ್ಜಿ ಅಂಟಿಕೊಳ್ಳುತ್ತದೆ, ಒಮ್ಮೆ ಬಂದರೆ ಹೋಗುವುದು ಕಷ್ಟ.

ಲೆಕ್ಕ ಹೀಗೆ: 2 ಮೀಟರ್ ಉದ್ದದ ಅಂಚಿಗೆ 60, 45, 30 ಮಿ.ಮೀ. ಅಗಲದ ಮೂರು ಪಟ್ಟಿ ಹಾಕಿದರೆ ಬಟ್ಟೆ 0.27 ಚದರ ಮೀಟರ್, ಅಂದರೆ 81 ಗ್ರಾಂ. ಕೈಯಿಂದ ಹಾಕುವಾಗ ಬಟ್ಟೆಯ ತೂಕದಷ್ಟೇ ರೆಸಿನ್ ಹಿಡಿಯುತ್ತದೆ. ವ್ಯರ್ಥವಾಗುವುದನ್ನೂ ಸೇರಿಸಿ 110 ಗ್ರಾಂ ಕಲಸಿದರೆ ಸಾಕು. ಕೌಲಿಂಗ್‌ಗೆ ಏರುವ ತೂಕ 160 ಗ್ರಾಂ ಆಸುಪಾಸು. ನಿಮ್ಮ ಅಂಚು 400 ಗ್ರಾಂ ಏರಿಸಿಕೊಂಡಿದ್ದರೆ ರೆಸಿನ್ ಹೆಚ್ಚಾಗಿದೆ.

## ಹಂತ 3: ಎಂಜಿನ್‌ಗೂ ಕೌಲಿಂಗ್‌ಗೂ ನಡುವಿನ ಜಾಗ ಅಳೆಯಿರಿ

ಎಂಜಿನ್ ರಬ್ಬರ್ ಮೌಂಟ್‌ಗಳ ಮೇಲೆ ಕೂತಿದೆ, ಹೊರಡುವಾಗಲೂ ನಿಲ್ಲುವಾಗಲೂ ಮೈ ಕೊಡವುತ್ತದೆ. ಯಾವ ಭಾಗಕ್ಕೂ ಕೌಲಿಂಗ್‌ಗೂ ನಡುವೆ ಕನಿಷ್ಠ 12 ಮಿ.ಮೀ., ಎಕ್ಸಾಸ್ಟ್ ಪೈಪ್‌ಗೆ ಕನಿಷ್ಠ 25 ಮಿ.ಮೀ., ಸ್ಪಿನ್ನರ್‌ನ ಹಿಂದೆ ಸುಮಾರು 6 ಮಿ.ಮೀ. ಜಾಗ ಬೇಕು.

ಕಣ್ಣಿಗೆ ಕಾಣದ ಕಡೆ ಅಳೆಯಲು ಮಕ್ಕಳು ಆಡುವ ಬಣ್ಣದ ಜೇಡಿಯಂಥ ಮೆತ್ತನೆಯ ಜೇಡಿ ಸಾಕು. ಎಂಜಿನ್ ಪೂರ್ತಿ ತಣ್ಣಗಿರುವಾಗ ಅನುಮಾನವಿರುವ ಕಡೆಯೆಲ್ಲ ನಿಂಬೆಗಾತ್ರದ ಉಂಡೆ ಇಟ್ಟು, ಅದರ ತಲೆಗೆ ಪ್ಲಾಸ್ಟಿಕ್ ಚೂರು ಹೊದಿಸಿ, ಕೌಲಿಂಗ್ ಮುಚ್ಚಿ ಎಲ್ಲ ಫಾಸ್ಟನರ್ ಹಾಕಿ. ಬಿಚ್ಚಿದ ಮೇಲೆ ಚಪ್ಪಟೆಯಾದ ಉಂಡೆಯ ದಪ್ಪವೇ ಅಲ್ಲಿನ ಜಾಗ. ಎಷ್ಟು ಉಂಡೆ ಇಟ್ಟಿರೋ ಅಷ್ಟನ್ನೂ ಎಣಿಸಿ ಹೊರಗೆ ತೆಗೆಯಿರಿ. ಜೇಡಿ ಒಳಗಿರುವಾಗ ಎಂಜಿನ್ ಚಾಲೂ ಮಾಡಲೇಬೇಡಿ.

ಸ್ಪಿನ್ನರ್ ಕೌಲಿಂಗ್‌ಗಿಂತ ಕೆಳಗೆ ಇಳಿದಿದ್ದರೆ ಮೌಂಟ್‌ನ ರಬ್ಬರ್ ಕುಸಿದಿದೆ. ಮೊದಲು ಅದನ್ನು ಬದಲಿಸಿ ಅಥವಾ ಶಿಮ್ (ಎತ್ತರ ಸರಿಹೊಂದಿಸುವ ತೆಳು ಬಿಲ್ಲೆ) ಹಾಕಿ ಎತ್ತಿ. ಕುಸಿದ ಎಂಜಿನ್‌ಗೆ ಹೊಂದುವಂತೆ ಕೌಲಿಂಗ್ ಗಟ್ಟಿ ಮಾಡಿದರೆ ಆ ತಪ್ಪು ಆಕಾರವೇ ಶಾಶ್ವತವಾಗುತ್ತದೆ. ಜಾಗ ಸಾಲದ ಕಡೆ ಉಬ್ಬು ಮಾಡಿ ಹೊರಗೆ ತಳ್ಳಬೇಕೇ ಹೊರತು ಪದರ ಸೇರಿಸಿ ಪ್ರಯೋಜನವಿಲ್ಲ.

## ಹಂತ 4: ಎಣ್ಣೆ ಮತ್ತು ಸಿಲಿಕೋನ್ ತೆಗೆಯಿರಿ

ಹೆಚ್ಚಿನ ದುರಸ್ತಿಗಳು ಸೋಲುವುದು ಇಲ್ಲೇ. ಎಂಜಿನ್ ಎಣ್ಣೆ ಸೂಜಿಮೊನೆಯಂಥ ರಂಧ್ರಗಳಲ್ಲಿ ಇಳಿದಿರುತ್ತದೆ. ಬ್ಯಾಫಲ್ ಸೀಲ್‌ನ (ಬ್ಯಾಫಲ್‌ಗೂ ಕೌಲಿಂಗ್‌ಗೂ ನಡುವಿನ ಸಂದು ಮುಚ್ಚುವ ಪಟ್ಟಿಯ) ಸಿಲಿಕೋನ್ ಒಳಮೈಗೆ ಉಜ್ಜಿಕೊಂಡಿರುತ್ತದೆ. ಮೊದಲೇ ಉಜ್ಜಿದರೆ ಉಪ್ಪುಕಾಗದ ಇವೆರಡನ್ನೂ ಹೊಸ ಗೀರುಗಳೊಳಗೆ ತುಂಬುತ್ತದೆ. ಆದ್ದರಿಂದ ತೊಳೆಯುವುದು ಮೊದಲು, ಉಜ್ಜುವುದು ಆಮೇಲೆ.

ಪಾತ್ರೆ ತೊಳೆಯುವ ಸೋಪಿನ ಬಿಸಿನೀರಿನಲ್ಲಿ ಎರಡು ಸಲ ತೊಳೆದು ಒಣಗಿಸಿ. ಅಂಟಿದ ಸಿಲಿಕೋನನ್ನು ಬ್ಲೇಡ್‌ನಿಂದ ಪೂರ್ತಿ ಕೆರೆದು ತೆಗೆಯಿರಿ. ಅಸಿಟೋನ್ ಹಾಕಿದ ಒಂದು ಬಟ್ಟೆಯಿಂದ ಒರೆಸಿ, ಅದು ಆರುವ ಮೊದಲೇ ಇನ್ನೊಂದು ಒಣಬಟ್ಟೆಯಿಂದ ಎತ್ತಿಕೊಳ್ಳಿ. ತಾನಾಗಿ ಆರಲು ಬಿಟ್ಟರೆ ಕರಗಿದ ಎಣ್ಣೆ ಮತ್ತೆ ಅಲ್ಲೇ ಕೂರುತ್ತದೆ. ಎಣ್ಣೆ ಆಳಕ್ಕೆ ಇಳಿದಿದ್ದರೆ, ಅಸಿಟೋನ್ ಪೂರ್ತಿ ಆರಿಹೋದ ಮೇಲೆ ಹೇರ್ ಡ್ರೈಯರ್‌ನಿಂದ ಕೈ ತಾಳುವಷ್ಟು ಬಿಸಿ ಮಾಡಿ, ಹೊರಬಂದ ಜಿಡ್ಡನ್ನು ಮತ್ತೆ ಒರೆಸಿ. ಬಟ್ಟೆ ಹಳದಿಯಾಗುವುದು ನಿಲ್ಲುವ ತನಕ ಹೀಗೇ ಮಾಡಿ.

ಆಮೇಲೆ 80ರ ಉಪ್ಪುಕಾಗದದಿಂದ ಹೊಳಪು ಪೂರ್ತಿ ಹೋಗುವ ತನಕ ಉಜ್ಜಿ, ಆದರೆ ಎಳೆ ಕತ್ತರಿಸುವಷ್ಟಲ್ಲ. ಬಣ್ಣವೂ ಪ್ರೈಮರೂ ಪೂರ್ತಿ ಹೋಗಬೇಕು. ಕೊನೆಗೆ ಶುದ್ಧ ನೀರು ಚಿಮುಕಿಸಿ ನೋಡಿ. ನೀರು ಒಂದೇ ಹಾಳೆಯಾಗಿ ಹರಡಿದರೆ ಮೈ ಸಿದ್ಧ, ಹನಿಹನಿಯಾಗಿ ಒಡೆದರೆ ಜಿಡ್ಡು ಇನ್ನೂ ಇದೆ. ನೀರು ಚೆನ್ನಾಗಿ ಆರಿದ ಮೇಲಷ್ಟೇ ರೆಸಿನ್.

## ಹಂತ 5: ಆಕಾರ ಹಿಡಿದಿಡಿ

ಬಿಚ್ಚಿಟ್ಟ ಕೌಲಿಂಗ್ ತನ್ನ ಭಾರಕ್ಕೇ ಅಗಲವಾಗುತ್ತದೆ. ಆ ಸ್ಥಿತಿಯಲ್ಲಿ ಪದರ ಹಾಕಿದರೆ ಮರುದಿನ ರಂಧ್ರಗಳು ಕೂಡುವುದಿಲ್ಲ, ಎಳೆದು ಕೂರಿಸಿದ ಕೌಲಿಂಗ್ ಮೊದಲ ದಿನದಿಂದಲೇ ಒತ್ತಡದಲ್ಲಿರುತ್ತದೆ.

ವಿಮಾನದ ಮೇಲೆ ಸರಿಯಾಗಿ ಕೂತಿರುವಾಗಲೇ ಹೊರಮೈಗೆ ಹೊಂದುವಂತೆ ಪ್ಲೈವುಡ್‌ನಲ್ಲಿ ಮೂರು ಅಚ್ಚು ಕತ್ತರಿಸಿ: ಮುಂದೊಂದು, ನಡುವೆ ಒಂದು, ಫೈರ್‌ವಾಲ್ (ಎಂಜಿನ್ ಹಿಂದಿನ ಬೆಂಕಿತಡೆ ಗೋಡೆ) ಹತ್ತಿರ ಒಂದು. ಮೂರನ್ನೂ ಹಲಗೆಗೆ ಜೋಡಿಸಿದರೆ ತೊಟ್ಟಿಲಿನಂತಾಗುತ್ತದೆ. ಹಿಂಬದಿಯ ಬಾಯಿಯ ಅಗಲವನ್ನು ಮೂರು ಕಡೆ ಅಳೆದು ಬರೆದಿಡಿ. ತೊಟ್ಟಿಲಲ್ಲಿ ಕೂರಿಸಿದ ಮೇಲೆ ಅಡ್ಡಪಟ್ಟಿ ಕಟ್ಟಿ ಅದೇ ಅಗಲಕ್ಕೆ ತನ್ನಿ. ಅರ್ಧ ದಿನದ ಕೆಲಸ ಇದು, ಆದರೆ ಇದನ್ನು ಬಿಟ್ಟವರೇ ಎಲ್ಲವನ್ನೂ ಮತ್ತೆ ಮಾಡುತ್ತಾರೆ.

## ಹಂತ 6: ಬಿರುಕು ಮತ್ತು ಅಂಚಿಗೆ ಪದರ

ಬಿರುಕಿನ ತುದಿಯಲ್ಲಿ 3 ಮಿ.ಮೀ. ರಂಧ್ರ ಕೊರೆಯಿರಿ. ಒಳಗಿನಿಂದ ಬಿರುಕಿನ ಎರಡೂ ಕಡೆ ಇಳಿಜಾರಾಗಿ ಉಜ್ಜಿ. ಇಳಿಜಾರಿನ ಉದ್ದ ದಪ್ಪದ 12 ಪಟ್ಟಾದರೂ ಇರಲಿ, ಅಂದರೆ 2 ಮಿ.ಮೀ. ಹಾಳೆಗೆ ಪ್ರತಿ ಕಡೆ 25 ಮಿ.ಮೀ. ಹೊರಗಿನಿಂದ ಪ್ಯಾಕಿಂಗ್ ಟೇಪ್ ಸುತ್ತಿದ ತಗಡು ಒತ್ತಿಹಿಡಿದರೆ ಹೊರಮೈ ನಯವಾಗಿ ಉಳಿಯುತ್ತದೆ. ರಂಧ್ರಕ್ಕೆ ಫ್ಲಾಕ್ಸ್ ಬೆರೆಸಿದ ಎಪಾಕ್ಸಿ ತುಂಬಿ. ಮೈಕ್ರೋಬಲೂನ್ (ಟೊಳ್ಳು ಗುಂಡುಗಳ ಹಗುರ ಪುಡಿ) ಬೇಡ, ಅದು ಹೊರಮೈ ನಯಮಾಡಲು ಮಾತ್ರ, ಬಲಕ್ಕಲ್ಲ.

ರೆಸಿನ್ ಕಲಸುವಾಗ ಒಂದು ತಪ್ಪು ಮತ್ತೆಮತ್ತೆ ಆಗುತ್ತದೆ. ಡಬ್ಬಿಯ ಮೇಲೆ ರೆಸಿನ್‌ಗೆ ಬೆರೆಸುವ ಹಾರ್ಡನರ್‌ನ (ಗಟ್ಟಿ ಮಾಡುವ ದ್ರವದ) ತೂಕದ ಅನುಪಾತ ಬೇರೆ, ಗಾತ್ರದ ಅನುಪಾತ ಬೇರೆ ಇರುತ್ತದೆ. ತಕ್ಕಡಿ ಬಳಸುವವರು ತೂಕದ್ದನ್ನೇ ನೋಡಬೇಕು. ಬೇಗ ಗಟ್ಟಿಯಾಗಲಿ ಎಂದು ಹಾರ್ಡನರ್ ಹೆಚ್ಚು ಹಾಕಿದರೆ ಎಪಾಕ್ಸಿ ಯಾವತ್ತೂ ಪೂರ್ತಿ ಗಟ್ಟಿಯಾಗುವುದಿಲ್ಲ. ಒಂದು ಸಲಕ್ಕೆ ಸುಮಾರು 100 ಗ್ರಾಂ ಮಾತ್ರ ಕಲಸಿ, ಅಗಲ ತಟ್ಟೆಗೆ ಸುರಿದಿಡಿ. ಲೋಟದಲ್ಲೇ ಬಿಟ್ಟರೆ ತನ್ನ ಬಿಸಿಗೆ ತಾನೇ ಹೊಗೆಯಾಡುತ್ತದೆ.

ಬಟ್ಟೆಯನ್ನು ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ರೆಸಿನ್ ಹಾಕಿ ನೆನೆಸಿ, ಮೇಲಿನಿಂದ ಒತ್ತಿ ಹರಡಿ, ಪ್ಲಾಸ್ಟಿಕ್ ಸಮೇತ ಪಟ್ಟಿ ಕತ್ತರಿಸಿ. ಎಳೆ ಬಿಚ್ಚಿಕೊಳ್ಳುವುದಿಲ್ಲ, ಕೈಯೂ ಕೊಳೆಯಾಗುವುದಿಲ್ಲ. ಉಜ್ಜಿದ ಜಾಗಕ್ಕೆ ತೆಳುವಾಗಿ ರೆಸಿನ್ ಬಳಿದು ಮೊದಲು 60 ಮಿ.ಮೀ. ಪಟ್ಟಿ, ಅದರ ಮೇಲೆ 45, ಮೇಲೆ 30. ಎಲ್ಲವೂ ಅಂಚಿನ ಕಡೆ ಒಂದೇ ಗೆರೆಗೆ, ಒಳಗಡೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯಲಿ. ಉದ್ದದ ತುದಿಗಳೂ ತಲಾ 25 ಮಿ.ಮೀ. ಹಿಂದೆ ಹಿಂದೆ ಮುಗಿಯಲಿ. ತೇಪೆಯ ಪಕ್ಕ ಬಿರುಕು ಬಾರದಂತೆ ತಡೆಯುವುದು ಈ ಮೆಟ್ಟಿಲುಗಳೇ. ಮೂಲೆಗಳಲ್ಲೂ ಸ್ಕ್ರೂ ಸಾಲಿನಲ್ಲೂ ಒಂದು ಪದರದ ಎಳೆ 45 ಡಿಗ್ರಿ ಓರೆಯಾಗಿರಲಿ.

ರೋಲರ್‌ನಿಂದ ಗಾಳಿ ಹೊರಹಾಕಿ, ಪೀಲ್ ಪ್ಲೈ ಹೊದಿಸಿ, ಅದರ ಮೂಲಕ ಮೇಲೆ ಬಂದ ಹೆಚ್ಚಿನ ರೆಸಿನ್ ಒರೆಸಿಕೊಳ್ಳಿ. ಬಟ್ಟೆಯ ನೇಯ್ಗೆ ಕಣ್ಣಿಗೆ ಕಾಣುತ್ತಿರಬೇಕು. ಕನ್ನಡಿಯಂತೆ ಹೊಳೆದರೆ ರೆಸಿನ್ ಹೆಚ್ಚಾಗಿದೆ, ಬೆಳ್ಳಗೆ ಕಂಡರೆ ರೆಸಿನ್ ಸಾಲದೆ ಬಟ್ಟೆ ಒಣಗಿದೆ.

ಪದರ ಹಾಕುವ ಮೊದಲು ಒಂದು ವಿಷಯ ನೋಡಿಕೊಳ್ಳಿ. ಮೂರು ಪದರ ಸೇರಿ ಸುಮಾರು 0.8 ಮಿ.ಮೀ. ದಪ್ಪ. ಫೈರ್‌ವಾಲ್‌ನ ಪಟ್ಟಿಯ ಮೇಲೆ ಕೂರುವ ಅಂಚಿಗೆ ಇದನ್ನು ಹಾಕಿದರೆ ಹೊರಮೈ ಅಷ್ಟೇ ಮೇಲೇಳುತ್ತದೆ. ಅಷ್ಟೇ ದಪ್ಪದ ರಟ್ಟು ಇಟ್ಟು ಕೂರಿಸಿ ನೋಡಿ. ಎದ್ದು ಕಂಡರೆ ಕೆಳಗಿನ ಶಿಮ್ ತೆಗೆಯಿರಿ, ಶಿಮ್ ಇಲ್ಲದಿದ್ದರೆ ಪದರವನ್ನು ಪಟ್ಟಿಯ ಹತ್ತಿರಕ್ಕೆ ನಿಲ್ಲಿಸಿ.

ಕಾರ್ಬನ್ ಬಳಸುವವರಿಗೊಂದು ಮಾತು: ಅಲ್ಯೂಮಿನಿಯಂ ಹಿಂಜ್‌ಗೆ ಕಾರ್ಬನ್ ನೇರವಾಗಿ ತಾಗಿದರೆ ಅಲ್ಯೂಮಿನಿಯಂ ಸವೆಯುತ್ತದೆ. ನಡುವೆ ಒಂದು ಪದರ ಗ್ಲಾಸ್ ಇರಲೇಬೇಕು.

## ಹಂತ 7: ಅಗಲ ಜಾಗಕ್ಕೆ ಏಣು

ಅಂಗೈಯಿಂದ ಒತ್ತಿದಾಗ ಎಣ್ಣೆಡಬ್ಬಿಯ ತಳದಂತೆ ಪಟಕ್ ಎಂದು ಒಳಹೋಗಿ ಬರುವ ಜಾಗಕ್ಕೆ ಪದರಕ್ಕಿಂತ ಏಣು ಮೇಲು. 25 ಮಿ.ಮೀ. ಅಗಲ, 6 ಮಿ.ಮೀ. ದಪ್ಪದ ಫೋಮ್ ಪಟ್ಟಿಯ ಬದಿಗಳನ್ನು 45 ಡಿಗ್ರಿ ಓರೆ ಮಾಡಿ, ತುದಿಗಳನ್ನು 50 ಮಿ.ಮೀ. ಉದ್ದಕ್ಕೆ ಇಳಿಜಾರು ಮಾಡಿ ಅಂಟಿಸಿ. ಮೇಲೆ ಎರಡು ಪದರ, ಎರಡೂ ಕಡೆ 25 ಮಿ.ಮೀ. ಚಾಚಿರಲಿ. ಬ್ಯಾಫಲ್ ಸೀಲ್ ಉಜ್ಜುವ ಗೆರೆಯ ಮೇಲೆ ಏಣು ಬರಬಾರದು. ಎಕ್ಸಾಸ್ಟ್ ಹತ್ತಿರ ಪಿವಿಸಿ ಫೋಮ್ ಬೇಡ, ಶಾಖಕ್ಕೆ ಮೆತ್ತಗಾಗುತ್ತದೆ. ಥರ್ಮೊಕೋಲ್ ಎಲ್ಲಿಯೂ ಬೇಡ, ಪೆಟ್ರೋಲ್ ತಾಗಿದರೆ ಕರಗುತ್ತದೆ.

## ಹಂತ 8: ಗಟ್ಟಿಯಾಗಲು ಬಿಡಿ

20 ಡಿಗ್ರಿಗಿಂತ ಮೇಲಿನ ಬಿಸಿಯಲ್ಲಿ ಕನಿಷ್ಠ 24 ಗಂಟೆ ತೊಟ್ಟಿಲಿನಿಂದ ತೆಗೆಯಬೇಡಿ. ಆಮೇಲೆ ತಯಾರಕರು ಹೇಳಿದ ಶಾಖ ಮತ್ತು ಅವಧಿಗೆ, ತೊಟ್ಟಿಲಲ್ಲೇ ಇಟ್ಟು ನಿಧಾನವಾಗಿ ಬಿಸಿ ಮಾಡಿದರೆ ಶಾಖ ತಡೆಯುವ ಶಕ್ತಿ ಏರುತ್ತದೆ. ಈ ಕೆಲಸ ನೀವು ಮಾಡದಿದ್ದರೆ ಎಂಜಿನ್ ಮಾಡುತ್ತದೆ, ಆದರೆ ಆಗ ಕೌಲಿಂಗ್ ಯಾವ ಆಕಾರಕ್ಕೆ ಎಳೆಯಲ್ಪಟ್ಟಿದೆಯೋ ಆ ಆಕಾರಕ್ಕೇ ನಿಲ್ಲುತ್ತದೆ.

## ಹಂತ 9: ರಂಧ್ರ, ಸ್ಕ್ರೂ, ಹಿಂಜ್

ಹಿಂದೆ ಮರದ ತುಂಡು ಒತ್ತಿಹಿಡಿದು ಹರಿತವಾದ ಬಿಟ್‌ನಿಂದ ಕೊರೆಯಿರಿ. ರಂಧ್ರದ ನಡುವಿನಿಂದ ಅಂಚಿಗೆ ಸ್ಕ್ರೂ ವ್ಯಾಸದ ಮೂರು ಪಟ್ಟು ದೂರವಿರಲಿ, 4.2 ಮಿ.ಮೀ. ಸ್ಕ್ರೂಗೆ ಸುಮಾರು 12.5 ಮಿ.ಮೀ. ಸ್ಕ್ರೂ ತಲೆಯ ಕೆಳಗೆ ಬಟ್ಟಲಿನಾಕಾರದ ವಾಷರ್ ಕಡ್ಡಾಯ. ನಟ್‌ಪ್ಲೇಟ್‌ನ (ರಿವೆಟ್ ಹಾಕಿ ಕೂರಿಸಿದ ನಟ್‌ನ) ರಿವೆಟ್‌ಗಳನ್ನು ಸುತ್ತಿಗೆಯಿಂದ ಬಡಿಯಬೇಡಿ, ಸ್ಕ್ವೀಜರ್‌ನಿಂದ ಒತ್ತಿ. ರಿವೆಟ್ ಅರಳುವ ತುದಿ ಲೋಹದ ಕಡೆಗಿರಲಿ, ಫೈಬರ್ ಕಡೆ ಅರಳಿದರೆ ರಂಧ್ರವನ್ನು ಒಳಗಿಂದಲೇ ಸೀಳುತ್ತದೆ.

ಕಾಲು ಸುತ್ತು ತಿರುಗಿಸುವ ಫಾಸ್ಟನರ್ ಇದ್ದರೆ ದಪ್ಪ ಹೆಚ್ಚಿದಾಗ ಸ್ಟಡ್‌ನ (ಒಳಗೆ ತೂರಿ ಬೀಗವಾಗುವ ಮೊಳೆಯ) ಉದ್ದವೂ ಬದಲಾಗಬೇಕು. ಸಾಮಾನ್ಯ ಬಗೆಗಳಲ್ಲಿ ಒಂದೊಂದು ಅಳತೆಯ ನಡುವಿನ ಅಂತರ ಸುಮಾರು 0.76 ಮಿ.ಮೀ., ಅಂದರೆ ಮೂರು ಪದರಕ್ಕೆ ಒಂದು ಅಳತೆ ಮೇಲಿನದು ಬೇಕಾಗುತ್ತದೆ. ಹಳೆಯ ಸ್ಟಡ್‌ನ್ನೇ ಬಲವಂತವಾಗಿ ತಿರುಗಿಸಿದರೆ ಅದು ಪೂರ್ತಿ ಬೀಗಗೊಳ್ಳದೆ, ಬೀಗವಾದಂತೆ ಕಾಣುತ್ತದೆ. ಇದು ಅಪಾಯ.

ಕಣ್ಣು ಮುರಿದ ಹಿಂಜ್ ತಗಡು ಮಡಚಿ ಮಾಡಿದ ಬಗೆಯದ್ದಾದರೆ ಎಕ್ಸ್‌ಟ್ರೂಡೆಡ್ ಬಗೆಯದ್ದನ್ನು, ಅಂದರೆ ಲೋಹವನ್ನು ಅಚ್ಚಿನ ಮೂಲಕ ಒತ್ತಿ ತೆಗೆದದ್ದನ್ನು, ಹಾಕಿ. ಗಾಳಿ ಹೊರಹೋಗುವ ಬಾಯಿಯ ಪಕ್ಕದಲ್ಲಿ ಹಿಂಜ್ ಬಿಟ್ಟು ಸ್ಕ್ರೂ ಮತ್ತು ನಟ್‌ಪ್ಲೇಟ್ ಹಾಕುವುದೇ ಒಳ್ಳೆಯದು.

## ಹಂತ 10: ಒಳಮೈ ಮುಚ್ಚಿ, ಶಾಖ ತಡೆಯಿರಿ

ಒಳಮೈಗೆ ತೆಳುವಾಗಿ ಎಪಾಕ್ಸಿ ಒತ್ತಿ ಬಳಿದು ಸೂಜಿರಂಧ್ರ ಮುಚ್ಚಿ, ಮೇಲೆ ಬಿಳಿ ಎಪಾಕ್ಸಿ ಬಣ್ಣ ಹಚ್ಚಿ. ಬಿಳಿಯ ಮೇಲೆ ಎಣ್ಣೆಯ ಹನಿ, ಎಕ್ಸಾಸ್ಟ್ ಸೋರಿಕೆಯ ಬೂದಿ ಗೆರೆ ತಕ್ಷಣ ಕಾಣುತ್ತದೆ. ಎಕ್ಸಾಸ್ಟ್ ಎದುರಿಗೆ ಸೆರಾಮಿಕ್ ನಾರಿನ ಹಾಳೆ, ಅದರ ಮೇಲೆ ಅಲ್ಯೂಮಿನಿಯಂ ಫಾಯಿಲ್ ಹಾಕಿ. ಅದರ ಅಂಚನ್ನು ಹೆಚ್ಚು ಶಾಖ ತಡೆಯುವ ಸಿಲಿಕೋನ್‌ನಿಂದ ಮುಚ್ಚಿ, ಇಲ್ಲದಿದ್ದರೆ ನಾರಿನ ಹಾಳೆ ಎಣ್ಣೆ ಹೀರಿ ಬತ್ತಿಯಂತಾಗುತ್ತದೆ. ಸಿಲಿಕೋನ್ ಡಬ್ಬಿ ತೆರೆಯುವುದು ಬಣ್ಣದ ಕೆಲಸವೆಲ್ಲ ಮುಗಿದ ಮೇಲೆಯೇ.

ಕೌಲಿಂಗ್ ಮುಚ್ಚುವಾಗ ಬ್ಯಾಫಲ್ ಸೀಲ್ ಒಳಮುಖವಾಗಿ, ಎಂಜಿನ್ ಕಡೆ ಬಾಗಿರಬೇಕು. ಆಗ ಒತ್ತಡವೇ ಅದನ್ನು ಕೌಲಿಂಗ್‌ಗೆ ಒತ್ತಿ ಹಿಡಿಯುತ್ತದೆ.

## ಹಂತ 11: ತೂಕ, ನೆಲದ ಮೇಲಿನ ಪರೀಕ್ಷೆ

ಎರಡೂ ಭಾಗಗಳನ್ನು ತೂಗಿ, ಹೆಚ್ಚಿದ್ದನ್ನು ತೂಕ ಮತ್ತು ಸಮತೋಲದ ಲೆಕ್ಕಕ್ಕೆ ಸೇರಿಸಿ, ಲಾಗ್‌ಪುಸ್ತಕದಲ್ಲಿ ಬರೆಯಿರಿ. ನೆಲದ ಮೇಲೆ ಎಂಜಿನ್ ಓಡಿಸಿ ನಿಲ್ಲಿಸಿ, ಕೌಲಿಂಗ್ ಬಿಚ್ಚಿ ಹೊಸ ಉಜ್ಜಿದ ಗುರುತು ಹುಡುಕಿ. ಮೊದಲ ಹಾರಾಟ ಚಿಕ್ಕದಿರಲಿ, ವಿಮಾನನಿಲ್ದಾಣದ ಮೇಲೆಯೇ ಇರಲಿ. ಸಿಲಿಂಡರ್‌ಗಳ ಶಾಖ ಮೊದಲಿಗಿಂತ ಏರಿದ್ದರೆ ಸೀಲ್ ಮಡಚಿದೆ, ಇಲ್ಲವೇ ಗಾಳಿ ಹೊರಹೋಗುವ ಬಾಯಿ ಕಿರಿದಾಗಿದೆ.

## ಹಂತ 12: ಮುಂದಿನ ಆರೈಕೆ

ಪ್ರತಿ ಹಾರಾಟದ ಮೊದಲು ಅಂಚಿನುದ್ದಕ್ಕೂ ಬೆರಳು ಎಳೆಯಿರಿ. ಪ್ರತಿ ಫಾಸ್ಟನರ್ ತಲೆಯ ಗೀರು ಬೀಗದ ದಿಕ್ಕಿಗೇ ಇದೆಯೇ, ಹಿಂಜ್ ಪಿನ್‌ನ ತುದಿ ಕಟ್ಟಿದೆಯೇ ನೋಡಿ. ಕಟ್ಟದ ಪಿನ್ ಕಂಪನಕ್ಕೆ ತಾನೇ ಹೊರಗೆ ತೆವಳುತ್ತದೆ, ಪ್ರೊಪೆಲ್ಲರ್ ಕಡೆಗೆ ಬಂದರೆ ಅದಕ್ಕೇ ಸಿಗುತ್ತದೆ.

ಎಣ್ಣೆ ಬದಲಿಸುವಾಗೆಲ್ಲ ಕೌಲಿಂಗ್ ಹೇಗೂ ಬಿಚ್ಚಿರುತ್ತೀರಿ. ಒಳಮೈ ಒರೆಸಿ, ತೇಪೆಯ ಮೆಟ್ಟಿಲುಗಳನ್ನು ನಾಣ್ಯದಿಂದ ತಟ್ಟಿ, ಸೀಲ್ ಉಜ್ಜಿದ ಗೆರೆ ಎಷ್ಟು ಆಳವಾಗಿದೆ ನೋಡಿ. ಗೆರೆಯಲ್ಲಿ ಎಳೆ ಕಾಣತೊಡಗಿದರೆ ಒಂದು ತೆಳು ಪದರ ಹಾಕಿ, ಮೇಲೆ ಜಾರುವ ಟೇಪ್ ಅಂಟಿಸಿ. ವಾರ್ಷಿಕ ತಪಾಸಣೆಯಲ್ಲಿ ಹಿಂಜ್ ಕಣ್ಣುಗಳನ್ನು ಭೂತಗನ್ನಡಿಯಲ್ಲಿ ನೋಡಿ, ಸವೆದ ಪಿನ್ ಬದಲಿಸಿ, ಜೇಡಿಯ ಅಳತೆಯನ್ನೂ ಮತ್ತೊಮ್ಮೆ ಮಾಡಿ.

ಕೆಳಗಿನ ಯಾವುದಾದರೂ ಕಂಡರೆ ಆ ದಿನ ಹಾರಬೇಡಿ: ರಿವೆಟ್ ಅಥವಾ ಸ್ಕ್ರೂ ಸುತ್ತ ಕಪ್ಪು ಪುಡಿ, ಅಕ್ಕಪಕ್ಕದ ಎರಡು ಫಾಸ್ಟನರ್ ಬೀಗಗೊಳ್ಳದಿರುವುದು, ಅಕ್ಕಪಕ್ಕದ ಹಿಂಜ್ ಕಣ್ಣುಗಳು ಮುರಿದಿರುವುದು, ರಂಧ್ರದಿಂದ ಅಂಚಿನವರೆಗೆ ಓಡಿದ ಬಿರುಕು, ಬಣ್ಣ ಗುಳ್ಳೆ ಎದ್ದ ಅಥವಾ ಕಂದಿದ ಜಾಗ. ಕೊನೆಯದರಲ್ಲಿ ಕೌಲಿಂಗ್‌ಗಿಂತ ಮೊದಲು ಎಕ್ಸಾಸ್ಟ್ ಪೈಪ್ ನೋಡಿ. ಪೈಪ್ ಬಿರುಕು ಬಿಟ್ಟಿದ್ದರೆ ಅದರಿಂದ ಹೊಮ್ಮುವ ಬೆಂಕಿಯಂಥ ಗಾಳಿ ನೇರವಾಗಿ ಆ ಜಾಗಕ್ಕೇ ಬಡಿಯುತ್ತಿರುತ್ತದೆ.